ಅಕ್ಕಿ ರೊಟ್ಟಿ ಯಾಕೆ ನೀಲಿಯಾಯಿತು?

[ದೃಶ್ಯ: ಹಂಚಿನ ಮನೆಯ ಅಡುಗೆಕೋಣೆ, ಬೆಳಗಿನ ಬೆಳಕು. ಅಂಗಳದ ಕಡೆಯಿಂದ ಅಡಿಕೆ ಸುಲಿಯುವವರ ಮಾತು ಕೇಳುತ್ತಿದೆ. ಬಿಳಿ ತಟ್ಟೆಯಲ್ಲಿ ಒಂದು ತುಂಡು ಅಕ್ಕಿ ರೊಟ್ಟಿ. ಅದರ ಮೇಲೆ ಕಂದು ಬಣ್ಣದ ಒಂದು ಹನಿ ಬೀಳುತ್ತದೆ. ಕ್ಯಾಮೆರಾ ತೀರಾ ಹತ್ತಿರ.]

ನೋಡ್ತಾ ಇರಿ. ಹನಿ ಬೀಳುವಾಗ ಚಹಾದ ಬಣ್ಣ. ಈಗ ನೋಡಿ, ಕಡುನೀಲಿ. ಅಂಚಿನಲ್ಲಿ ಕಪ್ಪು. ನೇರಳೆಹಣ್ಣು ತಿಂದವರ ನಾಲಿಗೆ ಇರುತ್ತದಲ್ಲ, ಥೇಟ್ ಹಾಗೇ.

ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಿಂದ ಮಾತಾಡುತ್ತಿದ್ದೇನೆ. ಪಕ್ಕದಲ್ಲಿ ಸ್ಟೂಲ್ ಹತ್ತಿ ನಿಂತಿರುವವಳು ಅಕ್ಕನ ಮಗಳು. ನಾಲ್ಕನೇ ಕ್ಲಾಸು. ಸೊಪ್ಪು ಕಂಡರೆ ತಟ್ಟೆ ಸರಿಸುತ್ತಾಳೆ. ಅವಳಿಗೆ ಆಹಾರದ ಪಾಠ ಮಾಡೋಣ ಅಂತ ಹೊರಟೆ. ಆಗ ನನ್ನ ಶಾಲೆಯ ಗೋಡೆಯಲ್ಲಿದ್ದ ಚಾರ್ಟ್ ನೆನಪಾಯಿತು. ಸೇಬು, ದ್ರಾಕ್ಷಿ, ಬ್ರೆಡ್, ಜಗ್ಗಿನಲ್ಲಿ ಹಾಲು. ಕಡುಬು ಎಲ್ಲೂ ಇರಲಿಲ್ಲ, ಪತ್ರೊಡೆ ಇರಲಿಲ್ಲ. ಅದನ್ನು ನೋಡಿ ನಾನು ಕಲಿತದ್ದು ಒಂದೇ: ಒಳ್ಳೆ ಊಟ ಅಂದರೆ ನಮ್ಮ ಮನೆಯಲ್ಲಿ ಇಲ್ಲದ ಊಟ! ಹಾಗಾಗಿ ಇವತ್ತು ಚಾರ್ಟ್ ಬೇಡ. ಮನೆಯ ತಟ್ಟೆ, ಮೆಡಿಕಲ್ ಶಾಪಿನ ಒಂದು ಬಾಟಲಿ ಟಿಂಕ್ಚರ್ ಅಯೋಡಿನ್, ಅಷ್ಟು ಸಾಕು. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣ ಇದ್ದರೂ ಆಗುತ್ತದೆ.

ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ. ಬಾಟಲಿ ದೊಡ್ಡವರ ಕೈಯಲ್ಲೇ ಇರಲಿ. ಹನಿ ಬಿದ್ದ ಯಾವುದನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಇದನ್ನು ಮೊದಲೇ ಮಕ್ಕಳ ಹತ್ತಿರ ಎರಡು ಸಲ ಹೇಳಿಸಿ.

[ದೃಶ್ಯ: ಬಾಳೆಎಲೆಯ ಮೇಲೆ ಸಾಲಾಗಿ ಚೂರುಗಳು. ಹನಿಗಳು ಒಂದೊಂದಾಗಿ ಬೀಳುತ್ತವೆ.]

ರೊಟ್ಟಿ ನೀಲಿ. ಕಡುಬು ನೀಲಿ. ಅನ್ನ, ಅವಲಕ್ಕಿ, ಪೊಟ್ಟಣದ ಆಲೂ ಚಿಪ್ಸ್, ಎಲ್ಲವೂ ನೀಲಿ. ಸೌತೆಕಾಯಿ? ಕಂದು ಬಣ್ಣ ಹಾಗೇ ಉಳಿಯಿತು. ಬೇಯಿಸಿದ ಮೊಟ್ಟೆಯ ಬಿಳಿ ಭಾಗ, ಮಜ್ಜಿಗೆ, ಇವೂ ನೀಲಿಯಾಗಲಿಲ್ಲ.

ನೀಲಿ ಬಂದಲ್ಲಿ ಪಿಷ್ಟ ಇದೆ ಅಂತ ಅರ್ಥ. ಪಿಷ್ಟ ಅಂದರೆ ಸಕ್ಕರೆಯ ಸಣ್ಣ ಸಣ್ಣ ಕಣಗಳು ಕೈ ಕೈ ಹಿಡಿದು ನಿಂತ ಉದ್ದ ಸರಪಳಿ. ಅದರಲ್ಲಿ ಒಂದು ಬಗೆಯ ಸರಪಳಿ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಅಯೋಡಿನ್ ಆ ಸುರುಳಿಯೊಳಗೆ ಹೋಗಿ ಕೂತಾಗ ಈ ಬಣ್ಣ ಕಾಣುತ್ತದೆ.

ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಚಿಕ್ಕಿ, ನಾವು ಮೂರು ಹೊತ್ತೂ ನೀಲಿನೇ ತಿನ್ನೋದಾ?"

ಹೌದು ಮಾರಾಯ್ತಿ. ನಾನು ಒಂದು ಗಂಟೆ ಭಾಷಣ ಮಾಡಿದ್ದರೂ ಈ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ.

ಹಾಗಂತ ನೀಲಿ ಕೆಟ್ಟದ್ದು ಅಂತ ಮಕ್ಕಳ ತಲೆಗೆ ತುಂಬಬೇಡಿ. ಒಂದು ಗ್ರಾಂ ಪಿಷ್ಟದಿಂದ ಸುಮಾರು 4 ಕಿಲೋಕ್ಯಾಲರಿ ಶಕ್ತಿ ಸಿಗುತ್ತದೆ. ಗದ್ದೆ ಹೂಡಿ, ನಟ್ಟಿ ಮಾಡಿ ಬಂದ ಅಜ್ಜನಿಗೆ ಅದು ಬೇಕೇ ಬೇಕಿತ್ತು. ಪಿಷ್ಟ ಮೂರು ಹೊತ್ತೂ ಇರಲಿ, ಅದರ ಪಕ್ಕದಲ್ಲಿ ಏನಿದೆ ಅನ್ನೋದನ್ನ ನೋಡಬೇಕು.

[ದೃಶ್ಯ: ಕಾಯಿ ಪುಟ್ಟಬಾಳೆ, ಕಳಿತ ಪುಟ್ಟಬಾಳೆ. ಎರಡರ ಬಿಲ್ಲೆಗಳು.]

ಇದು ಮಕ್ಕಳಿಗೆ ಬಲು ಇಷ್ಟ. ಒಂದೇ ಗೊನೆಯ ಎರಡು ಬಾಳೆ. ಒಂದು ಇನ್ನೂ ಕಾಯಿ, ಇನ್ನೊಂದರ ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಬಂದಿದೆ. ಕಾಯಿಯ ಬಿಲ್ಲೆ ಕಪ್ಪಾಗುವಷ್ಟು ನೀಲಿ. ಹಣ್ಣಿನದ್ದು ಅಲ್ಲಲ್ಲಿ ಸ್ವಲ್ಪ ಮಾತ್ರ. ಉಳಿದ ಪಿಷ್ಟ ಎಲ್ಲಿ ಹೋಯಿತು? ಸಕ್ಕರೆಯಾಯಿತು. ಹಣ್ಣು ಸಿಹಿ ಯಾಕೆ ಅಂತ ಈಗ ಕೇಳಿ, ಮಗುವೇ ಹೇಳುತ್ತದೆ.

ಇದೇ ಕೆಲಸ ನಮ್ಮ ಬಾಯಲ್ಲೂ ನಡೆಯುತ್ತದೆ. ಹನಿ ಹಾಕದ ಒಂದು ತುತ್ತು ಬರೀ ಅನ್ನವನ್ನು ಒಂದು ನಿಮಿಷ ಅಗಿಯಲು ಹೇಳಿ. ನುಂಗಬಾರದು. ನಿಧಾನಕ್ಕೆ ಸಿಹಿ ಹತ್ತುತ್ತದೆ. ಎಂಜಲಿನಲ್ಲಿರುವ ಅಮೈಲೇಸ್ ಅನ್ನೋ ಕಿಣ್ವ ಸರಪಳಿಯನ್ನು ತುಂಡು ಮಾಡಲು ಶುರು ಮಾಡಿದೆ.

[ದೃಶ್ಯ: ಎರಡು ಗಾಜಿನ ಲೋಟ, ಎರಡರಲ್ಲೂ ಗಂಜಿ ತಿಳಿ.]

ಕಣ್ಣಿಗೆ ಕಾಣಬೇಕು ಅಂದರೆ ಎರಡು ಲೋಟದಲ್ಲಿ ಒಂದೊಂದು ಚಮಚ ಗಂಜಿ ತಿಳಿ ತಗೊಳ್ಳಿ. ಒಂದಕ್ಕೆ ಉಗುಳಲು ಹೇಳಿ. ಮನೆಯಲ್ಲಿ ದೊಡ್ಡವರೇ "ಉಗುಳು" ಅಂತ ಹೇಳುವ ಭಾಗ್ಯ ಮಕ್ಕಳಿಗೆ ಇನ್ಯಾವಾಗ ಸಿಗಬೇಕು! ಹದಿನೈದು ನಿಮಿಷ ಬಿಟ್ಟು ಎರಡಕ್ಕೂ ಅಯೋಡಿನ್ ಹಾಕಿ. ಉಗುಳಿದ ಲೋಟದಲ್ಲಿ ನೀಲಿ ಬರುವುದಿಲ್ಲ, ಇಲ್ಲವೇ ತೀರಾ ಕಡಿಮೆ ಬರುತ್ತದೆ.

ಮೊದಲ ಸಲ ನಮ್ಮದು ಕೆಟ್ಟಿತು. ಎರಡೂ ಲೋಟ ನೀಲಿ. ನಾನು ಅವಸರದಲ್ಲಿ ಒಲೆಯಿಂದ ಇಳಿಸಿದ ಬಿಸಿ ಗಂಜಿಯನ್ನೇ ಸುರಿದಿದ್ದೆ. ಬಿಸಿಗೆ ಕಿಣ್ವ ಕೆಟ್ಟು ಹೋಗಿತ್ತು. ಉಗುರು ಬೆಚ್ಚಗಿದ್ದರೆ ಸಾಕು. ತಪ್ಪಾದದ್ದೂ ಒಳ್ಳೆಯದೇ ಆಯಿತು, ಕಿಣ್ವಕ್ಕೆ ಬಿಸಿ ಆಗುವುದಿಲ್ಲ ಅನ್ನೋದು ಹುಡುಗಿಗೆ ಪುಕ್ಕಟೆ ಪಾಠ.

ಇನ್ನು ಹೆಸರುಕಾಳು. ಅದು ನೀಲಿಯಾಗಲ್ಲ ಅಂತ ಅವಳು ಬಾಜಿ ಕಟ್ಟಿದಳು. ಬೇಯಿಸಿದ ಕಾಳು ಹಿಚುಕಿ ಹನಿ ಹಾಕಿದೆವು. ನೀಲಿ! "ಹಾಗಾದರೆ ಇದೂ ಅನ್ನದ ತರನೇ" ಅಂತ ತಟ್ಟೆ ಸರಿಸಲು ಹೊರಟಳು.

ಇಲ್ಲಿ ನಿಲ್ಲಬೇಕು. ಅಯೋಡಿನ್ ಒಂದು ಪ್ರಶ್ನೆಯನ್ನು ಮಾತ್ರ ಕೇಳುತ್ತದೆ: ಪಿಷ್ಟ ಇದೆಯಾ? ಬೇರೆ ಏನಿದೆ ಅಂತ ಕೇಳುವುದೇ ಇಲ್ಲ. ನೂರು ಗ್ರಾಂ ಅಕ್ಕಿಯಲ್ಲಿ 7–8 ಗ್ರಾಂ ಪ್ರೋಟೀನ್ ಇದ್ದರೆ ಅಷ್ಟೇ ಹೆಸರುಕಾಳಿನಲ್ಲಿ 22ರಿಂದ 24 ಗ್ರಾಂ ಇರುತ್ತದೆ. ಪಿಷ್ಟದ ಜೊತೆ ಮೈ ಕಟ್ಟುವ ಸಾಮಾನೂ ಬಂತು. ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ಅನ್ನೋ ಒಂದು ಅಂಶ ಕಡಿಮೆ. ಬೇಳೆಕಾಳಿನಲ್ಲಿ ಅದೇ ಜಾಸ್ತಿ. ಅನ್ನಕ್ಕೆ ಬೇಳೆ ಸಾರು ಯಾಕೆ ಅಂದರೆ ಇದಕ್ಕೇ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ತಿನ್ನುವವರ ಮನೆಯಲ್ಲಿ ಮಳೆಗಾಲದ ಹತ್ಮೀನು, ಗದ್ದೆ ಏಡಿ ಕೂಡ ಇದೇ ಲೆಕ್ಕಕ್ಕೆ. ಶಾಲೆಯಲ್ಲಿ ಬಿಸಿಯೂಟದ ಸಾಂಬಾರಿನ ಬೇಳೆ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಇರುವುದೂ ಇದಕ್ಕೇ.

ಪ್ರೋಟೀನ್ ಪತ್ತೆ ಮಾಡುವ ಪ್ರಯೋಗವೂ ಇದೆ. ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಕಾಸ್ಟಿಕ್ ಸೋಡಾ ಬೇಕು, ನೇರಳೆ ಬಣ್ಣ ಬರುತ್ತದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವ ಅಡಿಕೆ ತೋಟದವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಆದರೂ ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಕಾಸ್ಟಿಕ್ ಸೋಡಾ ಚರ್ಮ ಸುಡುತ್ತದೆ. ಅದು ಲ್ಯಾಬಿನಲ್ಲಿ, ಮೇಷ್ಟ್ರ ಎದುರಿಗೆ.

ಬೆಲ್ಲ, ಸಕ್ಕರೆಯೂ ನೀಲಿಯಾಗುವುದಿಲ್ಲ, ನೆನಪಿರಲಿ. "ನೀಲಿ ಇಲ್ಲ, ಹಾಗಾದರೆ ಜಾಸ್ತಿ ತಿನ್ನಬಹುದು" ಅಂತ ವಾದಕ್ಕೆ ಬರುತ್ತಾರೆ. ಕೂಲ್‌ಡ್ರಿಂಕ್ಸ್ ಬಾಟಲಿ ಕೈಗೆ ಕೊಟ್ಟು ಲೇಬಲ್ ಓದಿಸಿ, ಅಷ್ಟು ಸಕ್ಕರೆಯನ್ನು ಚಮಚದಲ್ಲಿ ಅಳೆದು ತಟ್ಟೆಗೆ ಸುರಿಸಿ. ನೀವು ಏನೂ ಹೇಳುವುದು ಬೇಡ.

[ದೃಶ್ಯ: ಎರಡು ಲೋಟ ನೀಲಿ ನೀರು. ಒಂದರ ಪಕ್ಕ ನಿಂಬೆ, ಇನ್ನೊಂದರ ಪಕ್ಕ ಬೆಟ್ಟದ ನೆಲ್ಲಿಕಾಯಿ.]

ನನಗೆ ತುಂಬಾ ಇಷ್ಟವಾದದ್ದು ಈ ಪ್ರಯೋಗ. ನೀರಿಗೆ ಸ್ವಲ್ಪ ಗಂಜಿ ತಿಳಿ, ನಾಲ್ಕು ಹನಿ ಅಯೋಡಿನ್. ಲೋಟ ಪೂರ್ತಿ ನೀಲಿ. ಈಗ ನಿಂಬೆರಸ ಒಂದೊಂದೇ ಹನಿ. ಹನಿ ಬಿದ್ದಲ್ಲಿ ಬಣ್ಣ ಚೂರು ಬಿಡುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಹಾಕುತ್ತಾ ಹೋದರೆ ಕೊನೆಗೊಮ್ಮೆ ನೀರು ತಿಳಿಯಾಗುತ್ತದೆ. ನೆಲ್ಲಿಕಾಯಿ ರಸಕ್ಕೆ ಅಷ್ಟು ಹೊತ್ತು ಬೇಡ, ಬೆರಳೆಣಿಕೆಯ ಹನಿಗೆ ನೀಲಿ ಮಾಯ. ಸಿ ಜೀವಸತ್ವ ಅಯೋಡಿನ್ನಿನ ರೂಪವನ್ನೇ ಬದಲಿಸಿಬಿಡುತ್ತದೆ. ಆಮೇಲೆ ಅದಕ್ಕೆ ಪಿಷ್ಟದ ಜೊತೆ ನೀಲಿಯಾಗಲು ಬರುವುದಿಲ್ಲ. ರಸದಲ್ಲಿರುವ ಬೇರೆ ಕೆಲವು ಪದಾರ್ಥಗಳೂ ಈ ಕೆಲಸ ಸ್ವಲ್ಪ ಮಾಡುತ್ತವೆ. ಆದ್ದರಿಂದ ಇದು ಅಳತೆಯಲ್ಲ, ಹೋಲಿಕೆ ಅಷ್ಟೇ. ಅದೇ ರಸ ಚೆನ್ನಾಗಿ ಕುದಿಸಿ, ಆರಿಸಿ ಮತ್ತೆ ಹಾಕಿ ನೋಡಿ. ಹನಿ ಜಾಸ್ತಿ ಬೇಕಾದರೆ ಯಾಕೆ ಅಂತ ಯೋಚಿಸಲಿ.

ಇದಕ್ಕೂ ಸೊಪ್ಪಿಗೂ ಏನು ಸಂಬಂಧ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 67.1ರಷ್ಟು ಮಂದಿಗೆ ರಕ್ತಹೀನತೆ. ಕಬ್ಬಿಣದ ಅಂಶದ ಕೊರತೆ ಅದಕ್ಕೆ ಒಂದು ದೊಡ್ಡ ಕಾರಣ. ಸೊಪ್ಪಿನಲ್ಲಿ, ಕಾಳಿನಲ್ಲಿ ಕಬ್ಬಿಣ ಇದೆ. ಆದರೆ ಅದು ಸುಲಭಕ್ಕೆ ರಕ್ತಕ್ಕೆ ಇಳಿಯುವುದಿಲ್ಲ. ಜೊತೆಗೆ ಸಿ ಜೀವಸತ್ವ ಇದ್ದರೆ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹರಿವೆ ಸೊಪ್ಪಿನ ಪಲ್ಯ ಇಳಿಸಿದ ಮೇಲೆ ಅಮ್ಮ ಅದಕ್ಕೆ ನಿಂಬೆ ಹಿಂಡುತ್ತಾಳಲ್ಲ, ಅದು ಸುಮ್ನೆ ರುಚಿಗೆ ಮಾತ್ರ ಅಲ್ಲ. ಊಟ ಮುಗಿದ ಕೂಡಲೇ ಮಕ್ಕಳಿಗೂ ಅರ್ಧ ಲೋಟ ಬೆಲ್ಲದ ಕಾಫಿ ಕೊಡುವ ಅಭ್ಯಾಸ ನಮ್ಮಲ್ಲಿ ಇದೆ. ಕಾಫಿ, ಚಹಾ ಎರಡೂ ಕಬ್ಬಿಣಕ್ಕೆ ಅಡ್ಡಗಾಲು ಹಾಕುತ್ತವೆ. ಈ ಒಂದು ವಿಷಯದಲ್ಲಿ ನಾನು ಅಮ್ಮನ ಜೊತೆ ಜಗಳಕ್ಕೂ ತಯಾರು.

ಕೊನೆಗೆ ಹುಡುಗಿ ಕೇಳಿದ ಪ್ರಶ್ನೆ ಇದು: "ಉಪ್ಪಿನಲ್ಲೂ ಅಯೋಡಿನ್ ಇದೆ ಅಂತ ಪ್ಯಾಕೆಟ್ ಮೇಲೆ ಬರೆದಿದೆ. ಮತ್ತೆ ಗಂಜಿಗೆ ಉಪ್ಪು ಹಾಕಿದರೆ ಯಾಕೆ ನೀಲಿಯಾಗಲ್ಲ?"

ಒಂದು ಕ್ಷಣ ನನಗೂ ತಡವರಿಸಿತು. ಉಪ್ಪಿನಲ್ಲಿರುವುದು ಬಿಡಿ ಅಯೋಡಿನ್ ಅಲ್ಲ, ಅಯೋಡೇಟ್ ಅನ್ನೋ ಬೇರೆ ರೂಪ. ಅದು ಪಿಷ್ಟದ ಸುರುಳಿಯಲ್ಲಿ ಹೋಗಿ ಕೂರುವುದಿಲ್ಲ. ಪ್ರಮಾಣವೂ ತೀರಾ ಕಡಿಮೆ: ನಮ್ಮ ಕೈ ಸೇರುವ ಹೊತ್ತಿಗೆ ಒಂದು ಕಿಲೋ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಇರಬೇಕು ಅನ್ನೋದು ನಿಯಮ. ಆದರೆ ಆ ಚೂರೇ ಬೇಕು. 1811ರಲ್ಲಿ ಅಯೋಡಿನ್ ಮೊದಲು ಸಿಕ್ಕಿದ್ದೇ ಕಡಲಪಾಚಿಯ ಬೂದಿಯಲ್ಲಿ. ಕಡಲಲ್ಲಿ ಅದು ಧಾರಾಳ. ಗುಡ್ಡದ ಮಣ್ಣಿನಿಂದ ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಮಣ್ಣಿನಲ್ಲಿ ಇಲ್ಲದ್ದು ಬೆಳೆಯಲ್ಲಿ ಎಲ್ಲಿಂದ ಬರಬೇಕು? ಅಯೋಡಿನ್ ಸಾಲದಿದ್ದರೆ ಕತ್ತು ಊದಿಕೊಂಡು ಗಳಗಂಡ ಬರುತ್ತದೆ, ಮಕ್ಕಳ ಮೆದುಳಿನ ಬೆಳವಣಿಗೆಗೂ ಪೆಟ್ಟು. ಅದಕ್ಕೇ 1962ರಲ್ಲಿ ಸರ್ಕಾರ ಗಳಗಂಡ ತಡೆಯುವ ಕಾರ್ಯಕ್ರಮ ಶುರು ಮಾಡಿ ಉಪ್ಪಿಗೆ ಅಯೋಡಿನ್ ಸೇರಿಸಲು ಹೊರಟಿತು. ಆ ಚೂರು ಅಯೋಡಿನ್ ಉಳಿಯಬೇಕು ಅಂದರೆ ಉಪ್ಪಿನ ಡಬ್ಬಿಗೆ ಮುಚ್ಚಳ ಗಟ್ಟಿ ಹಾಕಿಡಿ, ಒಲೆಯ ಪಕ್ಕ ಇಡಬೇಡಿ.

[ದೃಶ್ಯ: ಬಾಳೆಎಲೆಯ ತುಂಬ ನೀಲಿ ಚೂರುಗಳು. ಬಾಗಿಲಲ್ಲಿ ಅಮ್ಮ, ಕೈಯಲ್ಲಿ ದನದ ಬಾನಿ.]

ಅಮ್ಮ: ಇಷ್ಟು ಹೊತ್ತು ಆಟ ಆಡಿದ್ದಾಯ್ತಲ್ಲ. ಆ ರೊಟ್ಟಿ ಕಡುಬು ಎಲ್ಲ ಇತ್ತ ಹಾಕು, ದನಕ್ಕಾದರೂ ಆಗಲಿ.

ಹುಡುಗಿ: ಬೇಡ ಅಜ್ಜೀ! ಅದಕ್ಕೆ ಅಯೋಡಿನ್ ಹಾಕಿದ್ದೀವಿ. ಗೊಬ್ಬರದ ಗುಂಡಿಗೆ!

[ದೃಶ್ಯ: ಎಲೆ ಮಡಚಿಕೊಂಡು ಹುಡುಗಿ ಹಿತ್ತಲಿಗೆ ಓಡುತ್ತಾಳೆ. ಜಗಲಿಯಲ್ಲಿ ಅಡಿಕೆ ಸುಲಿಯುವವರು ತಲೆ ಎತ್ತಿ ನೋಡುತ್ತಾರೆ.]