ಕೆರೆಗೊಂದು ಡಬ್ಬಿ, ಹಳ್ಳಕ್ಕೊಂದು ಡಬ್ಬಿ | ಸಿಯೆರಾದಲ್ಲಿ ಬೇಸಿಗೆ ಟ್ರೌಟ್

ಸರಿ, ರೆಕಾರ್ಡ್ ಆಗ್ತಿದೆ. ಹಿಂದೆ ಕಾಣ್ತಿರೋದು ನಾರ್ತ್ ಲೇಕ್, ಸಿಯೆರಾ ನೆವಾಡಾ ಬೆಟ್ಟಸಾಲಿನ ಒಂದು ಕೆರೆ. ಕ್ಯಾಲಿಫೋರ್ನಿಯಾದ ಬಿಷಪ್ ಊರಿಂದ 168ನೇ ಹೈವೇ ಹಿಡಿದು ಬೆಟ್ಟ ಹತ್ತಿ, ಸಬ್ರೈನಾ ಕೆರೆ ಬರೋಕೆ ಸ್ವಲ್ಪ ಮುಂಚೆ ಬಲಕ್ಕೆ ತಿರುಗಿದ್ರೆ ಇಲ್ಲಿಗೆ ಬರ್ತೀರ. ಸಬ್ರೀನಾ ಅನ್ನಬೇಡಿ, ಇಲ್ಲಿಯವರು ಸಬ್ರೈನಾ ಅಂತಾರೆ. ಎತ್ತರ 9,200 ಅಡಿ ದಾಟಿದೆ. ಜುಲೈ ಕೊನೆ, ಬೆಳಗ್ಗೆ ಏಳು ಗಂಟೆ, ಬೆರಳು ಮರಗಟ್ಟಿದೆ. ರಸ್ತೆ ಎಷ್ಟು ಕಿರಿದು ಅಂತ ನೀವೇ ನೋಡಿದ್ರಲ್ಲ, ಅದರ ಬಗ್ಗೆ ಮಾತು ಬೇಡ.

ಎರಡು ಡಬ್ಬಿ ಇದೆ, ಒಳಗಿರೋದು ಫ್ಲೈ, ಅಂದ್ರೆ ಕೊಕ್ಕೆಗೆ ಗರಿ, ಕೂದಲು ಸುತ್ತಿ ಕಟ್ಟಿದ ನಕಲಿ ಹುಳ. ಎಡಗೈಲಿರೋದು ಕೆರೆಗೆ, ಬಲಗೈಲಿರೋದು ಹಳ್ಳಕ್ಕೆ. ಕೆರೆ, ಹಳ್ಳ ಎರಡರಲ್ಲೂ ಇರೋ ಮೀನು ಟ್ರೌಟೇ ಅಲ್ವಾ, ಹುಳಾನೂ ಹೆಚ್ಚುಕಮ್ಮಿ ಅವೇ ಅಲ್ವಾ, ಮತ್ತೆ ಎರಡು ಡಬ್ಬಿ ಯಾಕೆ? ಮೀನಿಗೆ ಯೋಚನೆ ಮಾಡೋಕೆ ಎಷ್ಟು ಟೈಮ್ ಸಿಗುತ್ತೆ ಅನ್ನೋದರ ಮೇಲೆ ಫ್ಲೈ ಆರಿಸಬೇಕು, ಅದಕ್ಕೆ. ಹಳ್ಳದಲ್ಲಿ ಮೀನು ಒಂದೇ ಕಡೆ ನಿಂತಿರುತ್ತೆ, ತಿಂಡಿ ಹರಿದು ಬರುತ್ತೆ. ಕೆರೆಯಲ್ಲಿ ತಿಂಡಿ ಇದ್ದಲ್ಲೇ ಇರುತ್ತೆ, ಮೀನು ಸುತ್ತು ಹಾಕುತ್ತೆ. ನೀರೊಳಗಿಂದ ಮೇಲೆ ನೋಡಿದ್ರೆ ಇಡೀ ಆಕಾಶ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತೆ, ಸುಮಾರು 97 ಡಿಗ್ರಿ ಕೋನ. ಆ ಕಿಟಕಿಯ ಅಗಲ, ಮೀನಿರೋ ಆಳದ ಎರಡೂಕಾಲು ಪಟ್ಟು. ಹಳ್ಳದಲ್ಲಿ ಒಂದಡಿ ಆಳದಲ್ಲಿರೋ ಮೀನಿಗೆ ಎರಡೂಕಾಲು ಅಡಿ ಕಿಟಕಿ. ನೀರು ಸೆಕೆಂಡಿಗೆ ಎರಡಡಿ ಓಡ್ತಿದ್ರೆ ನಿಮ್ಮ ಫ್ಲೈ ಒಂದು ಸೆಕೆಂಡು ಚಿಲ್ಲರೆಯಲ್ಲಿ ದಾಟಿಹೋಯ್ತು. ಅಷ್ಟರಲ್ಲಿ ಮೀನು ರೆಕ್ಕೆ ಬಣ್ಣ ನೋಡ್ತಾ ಕೂತ್ಕೊಳಲ್ಲ. ಕೆರೆಯ ಮೀನು ಹಾಗಲ್ಲ. ಸೀರೆ ಅಂಗಡಿಗೆ ಬಂದವರ ಹಾಗೆ ಹತ್ತಿರ ಬಂದು, ಸುತ್ತಿ ನೋಡಿ, ಬೇಡ ಅಂತ ಹೊರಟುಹೋಗುತ್ತೆ.

ಮೊದಲು ಕೆರೆ. ಗಾಳಿ ಇಲ್ಲ, ನೀರು ಕನ್ನಡಿ. ಈ ಹೊತ್ತಿಗೆ ಕೈರೊನೊಮಿಡ್, ಅಂದ್ರೆ ಸೊಳ್ಳೆ ಥರದ, ಆದ್ರೆ ಕಚ್ಚದ ಹುಳದ ಪ್ಯೂಪಾ ಥರ ಕಟ್ಟಿದ ಫ್ಲೈ. ಕಪ್ಪು ಅಥವಾ ಕಡುಗೆಂಪು, ತಲೆಗೊಂದು ಬಿಳಿ ಮಣಿ, ಸೈಜು 16, 18. ಗೊತ್ತಿಲ್ಲದವರಿಗೆ: ನಂಬರ್ ಏರಿದಷ್ಟೂ ಕೊಕ್ಕೆ ಚಿಕ್ಕದಾಗುತ್ತೆ. ಇದನ್ನ ಇಂಡಿಕೇಟರ್ ಕೆಳಗೆ ನೇತುಹಾಕ್ತೀವಿ. ಇಂಡಿಕೇಟರ್ ಅಂದ್ರೆ ನಮ್ಮೂರ ಗಾಳಕ್ಕೆ ಕಟ್ಟೋ ಬೆಂಡೇ, ಹೆಸರು ಮಾತ್ರ ದೊಡ್ಡದು. ಇಲ್ಲಿ ಫ್ಲೈಗಿಂತ ಆಳ ಮುಖ್ಯ. ಅಳೆಯೋದು ಹೀಗೆ, ಫೋರ್ಸೆಪ್ಸನ್ನ ಫ್ಲೈಗೆ ಕಚ್ಚಿಸಿ ನೀರಿಗೆ ಇಳಿಬಿಡಿ, ತಳ ಮುಟ್ಟಿದಾಗ ದಾರದ ಮೇಲೆ ನೀರು ಎಲ್ಲಿಗೆ ಬಂತು ನೋಡಿ, ಅದಕ್ಕಿಂತ ಒಂದಡಿ ಕೆಳಗೆ ಬೆಂಡು ಕಟ್ಟಿ. ಆಗ ಫ್ಲೈ ತಳದಿಂದ ಒಂದಡಿ ಮೇಲೆ ನಿಲ್ಲುತ್ತೆ. ಫೋರ್ಸೆಪ್ಸ್ ಬಿಚ್ಚೋಕೆ ಮರೀಬೇಡಿ. ಆಮೇಲೆ ಸುಮ್ಮನಿರಿ. ಎಳೀಬೇಡಿ. ಈ ಶಾಟನ್ನ ಎಂಟು ಪಟ್ಟು ಸ್ಪೀಡಲ್ಲಿ ಓಡಿಸಿದೀನಿ, ಆದ್ರೂ ಬೋರೇ.

ತುದಿ ದಾರ, ಅಂದ್ರೆ ಟಿಪ್ಪೆಟ್, 6 ಎಕ್ಸ್. ಲೆಕ್ಕ ಸುಲಭ: ಫ್ಲೈ ಸೈಜನ್ನ ಮೂರರಿಂದ ಭಾಗಿಸಿ. 18 ಭಾಗ 3, ಆರು. ದಪ್ಪ ಎಷ್ಟು ಅಂತ ಬೇಕಾದ್ರೆ 11ರಿಂದ ಆ ಆರನ್ನ ಕಳೀರಿ, ಐದು, ಅಂದ್ರೆ ಇಂಚಿನ ಸಾವಿರದಲ್ಲಿ ಐದು ಭಾಗ. ಈ ಆರು ಅನ್ನೋ ನಂಬರ್ ನೆನಪಿಟ್ಕೊಳ್ಳಿ, ಮಧ್ಯಾಹ್ನ ಇದೇ ಕೈ ಕೊಡೋದು.

ಒಂಬತ್ತೂವರೆ. ಜೊಂಡಿನ ಹತ್ತಿರ ನೀಲಿ ಕಡ್ಡಿಗಳ ಥರ ಕೂತಿವೆಯಲ್ಲ, ಅವು ಡ್ಯಾಮ್ಸೆಲ್. ಏರೋಪ್ಲೇನ್ ಚಿಟ್ಟೆಯ ಬಡಕಲು ತಂಗಿ ಅನ್ಕೊಳ್ಳಿ. ಮರಿ ನೀರೊಳಗೆ ಬೆಳೆದು, ಬಿಸಿಲೇರಿದಾಗ ದಡದ ಕಡೆ ಈಜಿ ಬಂದು, ಜೊಂಡು ಹತ್ತಿ ಪೊರೆ ಬಿಡುತ್ತೆ. ದಡದಲ್ಲಿ ನಿಂತವರಿಗೆ ಇದು ಅನುಕೂಲ, ನಾವು ಎಳೆಯೋ ದಿಕ್ಕೂ ಅದು ಈಜೋ ದಿಕ್ಕೂ ಒಂದೇ. ಆ ಮರಿ ಥರದ ಫ್ಲೈ ಕಟ್ಟಿ: ಆಲಿವ್ ಬಣ್ಣ, ಸೈಜು 10 ಅಥವಾ 12, ಮರಾಬೂ ಅನ್ನೋ ಮೆತ್ತನೆ ಗರಿಯ ಬಾಲ. ಬೆರಳುದ್ದ ಮೂರು ನಾಲ್ಕು ಎಳೆತ, ಆಮೇಲೆ ನಿಲ್ಲಿಸಿ. ನಿಲ್ಲಿಸಿದಾಗಲೇ ಕಚ್ಚುತ್ತೆ. ಜೋರಾಗಿ ಎಳೆದ್ರೆ ಹಿಂದೆ ಹಿಂದೆ ಬರುತ್ತೆ, ಬಾಯಿ ಹಾಕಲ್ಲ. ಅದೂ ನೋಡಿದ್ರಿ, ಎರಡು ಸಲ. ಇದು ಬ್ರೂಕ್ ಟ್ರೌಟ್. ಎಂಟಿಂಚು. ಬಿಟ್ಟೆ.

ಸೊಳ್ಳೆ ಎಣ್ಣೆ ವಿಷಯ ಹೇಳ್ಬೇಕು. ಡೀಟ್ ಅನ್ನೋ ರಾಸಾಯನಿಕ ಇರೋದನ್ನ ಅಂಗೈಗೆ ಹಚ್ಚಿಕೊಂಡು ಲೈನ್ ಮುಟ್ಟಬೇಡಿ, ಪ್ಲಾಸ್ಟಿಕ್ಕನ್ನ ಕರಗಿಸುತ್ತೆ. ಫ್ಲೈ ಲೈನಿನ ಕೋಟಿಂಗ್ ಅಂಟಂಟಾಗುತ್ತೆ, ಬಿರುಕು ಬಿಡುತ್ತೆ. ಮುಂಗೈ ಬೆನ್ನಿಂದ ಕತ್ತಿಗೆ ಸವರಿಕೊಳ್ಳಿ, ಅಂಗೈಗೆ ಬೇಡ. ಸರಿ, ಎಲ್ಲಿದ್ವಿ?

ಹತ್ತೂವರೆಗೆ ಮೇಲೆ ಹಾಯಿದೋಣಿ ಥರ ತೇಲ್ತಿರೋವು ಕ್ಯಾಲಿಬೇಟಿಸ್. ಮೇಫ್ಲೈ ಅನ್ನೋ ನಿಜವಾದ ಹುಳದ ಜಾತಿ, ಇಂಥ ಕೆರೆಗಳಲ್ಲಿ ಲೆಕ್ಕಕ್ಕೆ ಬರೋ ಮೇಫ್ಲೈ ಅಂದ್ರೆ ಇದೇ. ಇದಕ್ಕೇ ಅಂತ ಬೇರೆ ಫ್ಲೈ ಮಾರ್ತಾರೆ, ಬೇಕಿಲ್ಲ. ಪ್ಯಾರಾಶೂಟ್ ಆ್ಯಡಮ್ಸ್, ಸೈಜು 14 ಅಥವಾ 16. ಆ್ಯಡಮ್ಸ್ ಹುಟ್ಟಿದ್ದು 1922ರಲ್ಲಿ, ಮಿಶಿಗನ್ನಿನ ಲೆನ್ ಹ್ಯಾಲಡೇ ಕಟ್ಟಿದ್ದು. ಬೂದು ಮೈ, ಕಂದು ಮತ್ತು ಚುಕ್ಕೆ ಗರಿ ಬೆರೆಸಿದ ಕಾಲುಗಳು. ಇಂಥದೇ ಹುಳ ಅಂತ ಹೇಳೋಕಾಗಲ್ಲ, ಅದಕ್ಕೇ ಎಲ್ಲ ಹುಳಕ್ಕೂ ಹೊಂದುತ್ತೆ. ಮೀನು ತಿನ್ನೋಕೆ ಮೇಲೆದ್ದ ಜಾಗಕ್ಕೆ ಎಸೀಬೇಡಿ, ಅಲ್ಲಿಂದ ಅದು ಆಗ್ಲೇ ಹೋಗಿರುತ್ತೆ. ಎರಡು ಸಲ ಎದ್ದದ್ದು ನೋಡಿ ದಿಕ್ಕು ಹಿಡಿದು, ಮುಂದೆ ಆರಡಿಗೆ ಹಾಕಿ ಕಾಯಿರಿ.

ವುಲಿ ಬಗರ್ ಹಾಕಬಾರದಾ ಅಂತೀರಾ? ಮೈತುಂಬ ಗರಿ, ಉದ್ದ ಬಾಲ, ಯಾರ ಕೈಲಾದ್ರೂ ಮೀನು ಹಿಡಿಸುತ್ತೆ. ಅದು ಫ್ಲೈ ಅಲ್ಲ, ಸೋಮಾರಿತನ. ಡಬ್ಬೀಲಿ ಇಟ್ಕೊಳ್ಳೋದೇ ಇಲ್ಲ ಅಂತ ಹೇಳ್ಬೇಕು ಅಂತಿದ್ದೆ, ಆದ್ರೆ ಮುಂದಿನ ಶಾಟಲ್ಲಿ ದಾರದ ತುದಿಗಿರೋದು ಅದೇ. ಹನ್ನೊಂದಕ್ಕೆ ಕಣಿವೆ ಕೆಳಗಿಂದ ಗಾಳಿ ಎದ್ದು ನೀರೆಲ್ಲ ಅಲೆಯಾಯ್ತು, ಆ್ಯಡಮ್ಸ್ ಎಲ್ಲಿದೆ ಅಂತ ನಮಗೂ ಕಾಣ್ಸಲ್ಲ, ಮೀನಿಗೂ ಕಾಣ್ಸಲ್ಲ. ಆಗ ಆಲಿವ್ ಬಗರ್, ಸೈಜು 10, ಮಣಿ ತಲೆ. ಎಸೆದು ಹತ್ತು ಎಣಿಸಿ, ಆಮೇಲೆ ಎಳೀರಿ. ಖಾಲಿ ಬಂದ್ರೆ ಹದಿನೈದು ಎಣಿಸಿ. ಗಿಡಪಾಚಿ ಸಿಕ್ಕಿಕೊಂಡ್ರೆ ಎರಡು ಕಮ್ಮಿ ಮಾಡಿ. ಅಲೆ ಇದ್ದಾಗ ಮೀನಿಗೆ ಭಯ ಕಮ್ಮಿ, ದಡಕ್ಕೇ ಬರುತ್ತೆ. ಹದಿಮೂರು ಇಂಚಿನ ಬ್ರೌನ್ ಟ್ರೌಟ್. ಸರಿ ಬಿಡಿ, ಸೋಮಾರಿತನಕ್ಕೂ ಒಂದು ಬೆಲೆ ಇದೆ.

ಈಗ ಹಳ್ಳ. ಕೆರೆಯಿಂದ ಹೊರಬೀಳೋ ನಾರ್ತ್ ಫೋರ್ಕ್, ಹಾರಿದ್ರೆ ದಾಟಬಹುದು. ಎರಡೂ ದಡ ವಿಲೋ ಪೊದೆ. ಬಲಗೈ ಡಬ್ಬಿ ತೆಗೀರಿ: ಹಳದಿ ಸ್ಟಿಮ್ಯುಲೇಟರ್, ಎಲ್ಕ್ ಹೇರ್ ಕ್ಯಾಡಿಸ್, ರಾಯಲ್ ವುಲ್ಫ್. ಯಾವುದಾದ್ರೂ ಆಗುತ್ತೆ, ತೇಲಬೇಕು, ನಿಮಗೆ ಕಾಣ್ಬೇಕು, ಅಷ್ಟೆ. ಎಲ್ಕ್ ಕೂದಲಲ್ಲಿ ಗಾಳಿ ತುಂಬಿರುತ್ತೆ, ಅದಕ್ಕೇ ಆ ಕ್ಯಾಡಿಸ್ ಮುಳುಗಲ್ಲ.

ಈ ಕ್ಲಿಪ್ ನೋಡಿ. ತೆಗೆದುಹಾಕ್ಬೇಕು ಅಂತಿದ್ದೆ, ಇರಲಿ. ತುದಿ ದಾರ ಹುರಿಹಗ್ಗದ ಹಾಗೆ ತನ್ನ ಮೇಲೇ ಸುತ್ತಿಕೊಂಡಿದೆ. ಗಂಟಲ್ಲ ಇದು, ಬಿಚ್ಚೋಕೆ ತುದಿಯೇ ಸಿಗಲ್ಲ. ಕಾರಣ ಬೆಳಗಿನ 6 ಎಕ್ಸ್. ಬದಲಾಯಿಸೋ ಸೋಮಾರಿತನಕ್ಕೆ ಅದರ ತುದಿಗೇ ಸೈಜು 10ರ ವುಲ್ಫ್. ಎರಡು ನೆಟ್ಟಗಿನ ರೆಕ್ಕೆ, ಸುತ್ತ ದಟ್ಟ ಗರಿ, ಗಾಳಿಯಲ್ಲಿ ಅದು ಫ್ಯಾನ್. ಒಂದೊಂದು ಎಸೆತಕ್ಕೂ ಗಿರಗಿರ ತಿರುಗುತ್ತೆ, ತಿರುಗಿದ್ದೆಲ್ಲ ದಾರದೊಳಗೆ ಕೂತ್ಕೊಳುತ್ತೆ. ದಪ್ಪ ದಾರ ತಡ್ಕೊಳುತ್ತೆ, ಇಂಚಿನ ಸಾವಿರದಲ್ಲಿ ಐದು ಭಾಗದ ದಾರ ಎಲ್ಲಿಂದ ತಡ್ಕೊಳುತ್ತೆ? ಮೂರರ ಲೆಕ್ಕ ಹಾಕಿದ್ರೆ ಸೈಜು 10ಕ್ಕೆ ಬೇಕಿದ್ದದ್ದು 4 ಎಕ್ಸ್ ಅಥವಾ ಅದಕ್ಕಿಂತ ದಪ್ಪ. ಇನ್ನೊಂದು ತಪ್ಪು, ಜೋರಾಗಿ ಬೀಸಿದ್ದು. ಗಾಳಿ ಜೋರಾದಷ್ಟೂ ಫ್ಯಾನ್ ಜೋರು. ಮೂರನೇದು, ಈ ಫ್ಲೈ ಡಜನ್ ಲೆಕ್ಕದಲ್ಲಿ ಬಂದ ಅಗ್ಗದ ಮಾಲು, ಒಂದು ರೆಕ್ಕೆ ವಾಲಿದೆ, ಝೂಮ್ ಮಾಡಿದೀನಿ ನೋಡಿ. ಕೊಳ್ಳೋವಾಗ್ಲೇ ಮೂತಿ ಕಡೆಯಿಂದ ನೋಡಿ, ಎರಡು ರೆಕ್ಕೆ ಇಂಗ್ಲಿಷ್ ವಿ ಥರ ಸಮವಾಗಿ ನಿಂತಿರಬೇಕು. ಒಳ್ಳೇದು ಒಂದಕ್ಕೆ ಮೂರು ಡಾಲರ್ ಆಸುಪಾಸು ಆಗುತ್ತೆ, ರೂಪಾಯಿಗೆ ಹಾಕಿ ನೋಡಿ ಹೊಟ್ಟೆ ಉರಿಸ್ಕೋಬೇಡಿ. ಆದ್ರೆ ಅಗ್ಗದ ವುಲ್ಫಿಗಿಂತ ಒಳ್ಳೇ ಕ್ಯಾಡಿಸ್ ವಾಸಿ.

ರಿಪೇರಿ ಹೀಗೆ. ಸುರುಳಿ ಸ್ವಲ್ಪವೇ ಇದ್ರೆ ಫ್ಲೈ ಕತ್ತರಿಸಿ, ಬರೀ ದಾರವನ್ನ ಹರಿಯೋ ನೀರಲ್ಲಿ ಎರಡು ನಿಮಿಷ ಬಿಡಿ, ತಾನೇ ಬಿಚ್ಚಿಕೊಳುತ್ತೆ. ಮಡಿಕೆ ಬಿದ್ದಿದ್ರೆ ಆಸೆ ಬಿಡಿ, ಅಲ್ಲೇ ತುಂಡಾಗುತ್ತೆ. ಇಲ್ಲಿ ಆಸೆ ಬಿಟ್ಟಾಯ್ತು. ಎರಡಡಿ 4 ಎಕ್ಸ್, ಟ್ರಿಪಲ್ ಸರ್ಜನ್ಸ್ ಗಂಟು. ಬಿಗಿಯೋ ಮುಂಚೆ ಎಂಜಲು ಹಚ್ಚಿ, ಒಣದಾಗಿ ಎಳೆದ್ರೆ ಉಜ್ಜಿದ ಬಿಸಿಗೆ ನೈಲಾನ್ ಸೋಲುತ್ತೆ. ಕತ್ತರಿಸಿದ ಚೂರು ಜೇಬಿಗೆ, ಪೊದೆಗಲ್ಲ, ಹಕ್ಕಿ ಕಾಲಿಗೆ ಸುತ್ತಿಕೊಳುತ್ತೆ.

ಕಾವೇರಿ ದಡದವರಿಗೆ ಇದೆಲ್ಲ ನಗು ಬರಬಹುದು. ಭೀಮೇಶ್ವರಿ ಕಡೆ ಮಾಶೀರ್ ಗಾಳಕ್ಕೆ ರಾಗಿ ಮುದ್ದೆ ಸಾಕಾಗ್ತಿತ್ತು, ರೆಕ್ಕೆ ವಾಲಿದೆಯಾ ಅಂತ ಯಾರೂ ನೋಡ್ತಿರಲಿಲ್ಲ. ಮುದ್ದೆಗೆ ವಾಸನೆ ಇದೆ, ಇದಕ್ಕೆ ಇಲ್ಲ, ಇದು ಪೂರ್ತಿ ಕಣ್ಣಿನ ಆಟ. ಅಯ್ಯೋ, ಶಾಟ್ ಮುಗೀತಿದೆ. ಕ್ಯಾಡಿಸ್ ಸೈಜು 14, ಬಂಡೆ ಹಿಂದಿನ ನೀರು, ಬಿತ್ತು, ಹಿಡೀತು.

ಆಗ ಹೇಳಿದ ಒಂದು ಮಾತು ವಾಪಸ್ ತಗೋತೀನಿ. ಹಳ್ಳಕ್ಕೆ ಯಾವ ಫ್ಲೈ ಆದ್ರೂ ಆಗುತ್ತೆ ಅಂದೆನಲ್ಲ? ಈ ಹುಲ್ಲುಗಾವಲ ತಿರುವು ನೋಡಿ, ನೀರು ನಿಂತ ಹಾಗಿದೆ. ಇಲ್ಲಿ ಹಳ್ಳದ ಮೀನೂ ಕೆರೆ ಮೀನಿನ ಬುದ್ಧಿ ಕಲಿತಿದೆ. ದಪ್ಪ ಕ್ಯಾಡಿಸ್ಸಿಗೆ ಮೂರು ಸಲ ಮೂತಿ ತಿರುಗಿಸ್ತು. ಇಲ್ಲಿಗೆ ಕಪ್ಪಿರುವೆ, ಸೈಜು 16, ಬೆನ್ನಿಗೆ ಕಿತ್ತಳೆ ಚುಕ್ಕೆ, ಅದಿಲ್ಲದಿದ್ರೆ ನಿಮ್ಮ ಕಣ್ಣಿಗೆ ಕಾಣ್ಸಲ್ಲ. ಬಿಸಿಲ ಮಧ್ಯಾಹ್ನ ದಡದ ಹುಲ್ಲಿಂದ ಇರುವೆ ಉದುರ್ತಾನೇ ಇರುತ್ತೆ. ಮುಳುಗಿದ್ರೂ ಪರವಾಗಿಲ್ಲ, ನಿಜವಾದ ಇರುವೆಯೂ ಮುಳುಗುತ್ತೆ. ಏನೂ ಏಳದಿದ್ರೆ ಕ್ಯಾಡಿಸ್ಸಿನ ಕೊಕ್ಕೆ ಬಾಗಿಗೆ 18 ಇಂಚು ದಾರ ಕಟ್ಟಿ, ತುದಿಗೆ ಮಣಿ ತಲೆಯ ಫೆಸೆಂಟ್ ಟೇಲ್ ಅನ್ನೋ ಮುಳುಗೋ ಫ್ಲೈ, ಸೈಜು 16. ಜೂನಲ್ಲಿ ಹಿಮ ಕರಗಿ ಹಳ್ಳ ತುಂಬಿದಾಗ ಬಹುಪಾಲು ಇದೇ ಗತಿ.

ತೇಲಿಸೋ ಜೆಲ್ ಬಗ್ಗೆ ಬೇಗ ಹೇಳ್ತೀನಿ: ಒಣಗಿದ ಫ್ಲೈಗೆ ಮಾತ್ರ, ಅಕ್ಕಿಕಾಳಿನಷ್ಟು. ಮೀನು ಕಚ್ಚಿ ಲೋಳೆಯಾದ ಮೇಲೆ ತೊಳೆದು, ಬಟ್ಟೆಯಲ್ಲಿ ಹಿಂಡಿ, ಒಣಗಿಸೋ ಪುಡಿ ಹಾಕಿ. ಸಿಡಿಸಿ, ಅಂದ್ರೆ ಬಾತುಕೋಳಿಯ ಎಣ್ಣೆಗ್ರಂಥಿ ಹತ್ತಿರದ ಗರಿ, ಇರೋದಕ್ಕೆ ಜೆಲ್ ಬೇಡವೇ ಬೇಡ, ಎಳೆಗಳು ಅಂಟಿ ಒದ್ದೆ ಬತ್ತಿಯಾಗುತ್ತೆ.

ಥರ್ಮಾಮೀಟರ್ 54 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 12 ಸೆಲ್ಸಿಯಸ್. ಒಳ್ಳೇದು. ಕೆಳಗಿನ ಊರ ಹಳ್ಳಗಳಲ್ಲಿ ಆಗಸ್ಟಿನಲ್ಲಿ 68, ಅಂದ್ರೆ 20 ಸೆಲ್ಸಿಯಸ್ ದಾಟಿದ್ರೆ ರಾಡ್ ಮಡಚಿ. ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್ಸಿನ ಒಂದು ಲೀಟರ್ ನೀರಲ್ಲಿ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿಸುತ್ತೆ, 20ಕ್ಕೆ 9. ಇಷ್ಟೆತ್ತರದಲ್ಲಿ ಅದರಲ್ಲೂ ಕಾಲುಭಾಗಕ್ಕಿಂತ ಹೆಚ್ಚು ಕಡಿತ. ಬಿಸಿ ನೀರಲ್ಲಿ ಕಾದಾಡಿಸಿ ಬಿಟ್ಟ ಮೀನು ಈಜಿಕೊಂಡೇ ಹೋಗುತ್ತೆ, ಆಮೇಲೆ ಸಾಯುತ್ತೆ. ಮುಳ್ಳು ಚಪ್ಪಟೆ ಮಾಡಿದ ಕೊಕ್ಕೆ, ಒದ್ದೆ ಕೈ, ಇವಿಷ್ಟು ಇಲ್ಲಿಯ ತಣ್ಣೀರಿಗೂ ಬೇಕು.

ಆರೂವರೆ, ಗಾಳಿ ನಿಂತಿದೆ, ಮತ್ತೆ ಕೆರೆ. ಹಳ್ಳ ಬಂದು ಕೆರೆಗೆ ಬೀಳೋ ಬಾಯಿ ಇದು. ಇಲ್ಲಿ ಎಡಗೈ ಡಬ್ಬಿಯೋ ಬಲಗೈಯದೋ? ನೀರು ಹರೀತಿದೆ, ಮೀನು ನಿಂತಿದೆ, ಹಾಗಾಗಿ ಹಳ್ಳದ ಡಬ್ಬಿ. ಹತ್ತಡಿ ಆಚೆಗೆ ಹರಿವು ನಿಲ್ಲುತ್ತಲ್ಲ, ಅಲ್ಲಿಂದ ಆ್ಯಡಮ್ಸ್. ಆ ಉಂಗುರ ಕಂಡ್ತಾ? ಇನ್ನೊಂದು. ಬ್ಯಾಟರಿ ಕೆಂಪಾಗಿದೆ. ರಾತ್ರಿ ಎರಡೂ ಡಬ್ಬಿ ಬಾಯಿ ತೆರೆದು ಕಾರಿನ ಡ್ಯಾಶ್‌ಬೋರ್ಡ್ ಮೇಲಿಡಿ, ಒದ್ದೆಯಾಗಿ ಮುಚ್ಚಿದ್ರೆ ಕೊಕ್ಕೆಗೆ ತುಕ್ಕು ಹಿಡಿಯುತ್ತೆ, ಅದು ಪಕ್ಕದ ಒಣ ಫ್ಲೈಗೂ ಅಂಟುತ್ತೆ. ಹಾ, ಹಿಡೀತು, ಹಿಡೀತು—