ಲೇಖನ ಜರ್ನಲ್‌ಗೆ ಹೊರಡುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಒಬ್ಬ ಪಿಎಚ್.ಡಿ. ವಿದ್ಯಾರ್ಥಿನಿ ನಗರದ ಒಂದು ಕೆರೆಯಲ್ಲಿ 12 ತಿಂಗಳು, ತಿಂಗಳಿಗೊಮ್ಮೆ, 3 ಜಾಗಗಳಿಂದ ನೀರಿನ ಮಾದರಿ ತೆಗೆದು ಅದರಲ್ಲಿ ರಂಜಕ (ಫಾಸ್ಫರಸ್) ಎಷ್ಟಿದೆ ಎಂದು ಅಳೆದಿದ್ದಾಳೆ ಅಂದುಕೊಳ್ಳೋಣ. ಅಳತೆ ಮುಗಿಯಿತು. ‘ಇನ್ನು ಪೇಪರ್ ಬರಿಯಮ್ಮ’ ಎಂದು ಗೈಡ್ ಹೇಳಿಯಾಯಿತು. ಆಮೇಲೆ ಸಾಮಾನ್ಯವಾಗಿ ಆಗುವುದೇನು? ಪ್ರಬಂಧದ ಒಂದು ಅಧ್ಯಾಯವನ್ನು ಕತ್ತರಿಸಿ 30 ಪುಟದ ಲೇಖನ ಮಾಡಿ, ಕೊನೆಗೆ ಇದನ್ನು ಎಲ್ಲಿಗೆ ಕಳಿಸೋಣ ಎಂದು ಹುಡುಕಲು ಕೂರುತ್ತಾರೆ. ಅಂಗಿ ಹೊಲಿದು ಮುಗಿಸಿದ ಮೇಲೆ ಅಳತೆ ಪಟ್ಟಿ ಹುಡುಕಿದ ಹಾಗೆ.

ಜರ್ನಲ್ ಯಾವುದು ಎಂಬುದು ಮೊದಲ ಸಾಲು ಬರೆಯುವ ಮೊದಲೇ ಗೊತ್ತಿರಬೇಕು. ಈ ಊರಿನಿಂದಲೇ ಹೊರಡುವ ಪತ್ರಿಕೆಗಳನ್ನು ನೋಡಿ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಸದಾಶಿವನಗರದಲ್ಲಿದೆ. ಅದರ ‘ಪ್ರಮಾಣ’ ಭೌತವಿಜ್ಞಾನಕ್ಕೆ, ‘ಸಾಧನಾ’ ಎಂಜಿನಿಯರಿಂಗ್‌ಗೆ ಮೀಸಲು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಎಲ್ಲ ವಿಜ್ಞಾನಗಳಿಗೂ ತೆರೆದದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ‘ಮೈಸೂರು ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ಹೊರಡಿಸುತ್ತದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ತ್ರೈಮಾಸಿಕ ಇತಿಹಾಸ, ಶಾಸನಗಳನ್ನು ಓದುವವರದು. ಕೆರೆಯ ರಂಜಕದ ಲೇಖನ ‘ಪ್ರಮಾಣ’ಕ್ಕೆ ಹೋದರೆ ಅದನ್ನು ಪರಿಶೀಲಿಸುವ ತಜ್ಞರ (ರಿವ್ಯೂವರ್‌ಗಳ) ಕೈ ಮುಟ್ಟುವುದೇ ಇಲ್ಲ, ಸಂಪಾದಕರ ಮೇಜಿನಿಂದಲೇ ಹಿಂದಿರುಗುತ್ತದೆ. ಇದಕ್ಕೆ ಡೆಸ್ಕ್ ರಿಜೆಕ್ಟ್ ಎನ್ನುತ್ತಾರೆ. ಕೆಲಸ ಕೆಟ್ಟದ್ದು ಎಂದು ಇದರರ್ಥವಲ್ಲ, ವಿಳಾಸ ತಪ್ಪಿದೆ ಎಂದಷ್ಟೇ.

ಸರಿಯಾದ ವಿಳಾಸ ಹುಡುಕಲು ಸುಲಭದ ದಾರಿ ನಿಮ್ಮ ಕೈಯಲ್ಲೇ ಇದೆ. ನೀವು ಓದಿ ಉಲ್ಲೇಖಿಸಲಿರುವ 40–50 ಲೇಖನಗಳ ಪಟ್ಟಿ ತೆಗೆದು, ಯಾವ ಜರ್ನಲ್ ಹೆಸರು ಮತ್ತೆ ಮತ್ತೆ ಬರುತ್ತದೆ ಎಂದು ಎಣಿಸಿ. ಅಂಥ 3 ಜರ್ನಲ್‌ಗಳನ್ನು ಆರಿಸಿ, ಒಂದೊಂದರ ಕಳೆದ 2 ವರ್ಷಗಳ ಪರಿವಿಡಿ ನೋಡಿ. ಪ್ರಕಟವಾದ ಲೇಖನದ ಮೊದಲ ಪುಟದಲ್ಲಿ ಅಥವಾ ಕೊನೆಯಲ್ಲಿ ಅದು ಬಂದು ತಲುಪಿದ ದಿನಾಂಕ, ಒಪ್ಪಿಗೆಯಾದ ದಿನಾಂಕ ಎರಡೂ ಸಾಮಾನ್ಯವಾಗಿ ಇರುತ್ತವೆ. ಹತ್ತು ಲೇಖನಗಳ ದಿನಾಂಕ ಕಳೆದು ನೋಡಿದರೆ ಆ ಜರ್ನಲ್ ಎಷ್ಟು ತಿಂಗಳು ತೆಗೆದುಕೊಳ್ಳುತ್ತದೆ ಎಂಬ ಅಂದಾಜು ಸಿಗುತ್ತದೆ. ಡಿಸೆಂಬರಿನಲ್ಲಿ ಪ್ರಬಂಧ ಸಲ್ಲಿಸಬೇಕಾದವರು ಈ ಲೆಕ್ಕ ಹಾಕದೆ ಆಗಸ್ಟಿನಲ್ಲಿ ಲೇಖನ ಕಳಿಸಿ, ಆಮೇಲೆ ಸಂಪಾದಕರನ್ನು ಬೈಯುವುದುಂಟು.

ಅವಸರದಲ್ಲಿರುವವರಿಗೆ ಇನ್ನೊಂದು ಅಪಾಯ ಕಾದಿರುತ್ತದೆ. ‘ಮಾನ್ಯ ಪ್ರಾಧ್ಯಾಪಕರೇ, ನಿಮ್ಮ ಅಮೂಲ್ಯ ಲೇಖನ ಕಳಿಸಿ, 3 ದಿನದಲ್ಲಿ ಪ್ರಕಟಿಸುತ್ತೇವೆ’ ಎಂಬ ಮೇಲ್ ಬರುತ್ತದೆ. ಮೂರು ದಿನದಲ್ಲಿ ಇಬ್ಬರು ತಜ್ಞರು ಓದಿ, ನೀವು ತಿದ್ದಿ, ಮತ್ತೆ ಅವರು ನೋಡಲು ಸಾಧ್ಯವೇ ಇಲ್ಲ. ಅಂದರೆ ಅಲ್ಲಿ ಓದುವವರು ಇಲ್ಲ, ಹಣ ಎಣಿಸುವವರು ಮಾತ್ರ ಇದ್ದಾರೆ. ಹೆಸರಾಂತ ಜರ್ನಲ್‌ನ ಹೆಸರನ್ನೂ ಅದನ್ನು ಗುರುತಿಸುವ ಐಎಸ್‌ಎಸ್‌ಎನ್ ಸಂಖ್ಯೆಯನ್ನೂ ಕದ್ದು ನಕಲಿ ತಾಣ ನಡೆಸುವವರೂ ಇದ್ದಾರೆ. ಆದ್ದರಿಂದ ಜರ್ನಲ್ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ನಂಬಬೇಡಿ. ಜರ್ನಲ್‌ಗಳ ಸೂಚಿಯಾದ ಸ್ಕೋಪಸ್‌ನಲ್ಲಿ ಇದೆ ಎಂದರೆ ಸ್ಕೋಪಸ್‌ನ ಪಟ್ಟಿಗೇ ಹೋಗಿ ನೋಡಿ. ಸಂಪಾದಕರು ಇಂಥ ವಿಶ್ವವಿದ್ಯಾನಿಲಯದವರು ಎಂದಿದ್ದರೆ ಆ ವಿಶ್ವವಿದ್ಯಾನಿಲಯದ ಪುಟದಲ್ಲಿ ಅವರ ಹೆಸರಿದೆಯೇ, ಈ ಜರ್ನಲ್‌ನ ಮಾತು ಅಲ್ಲಿ ಬರುತ್ತದೆಯೇ ನೋಡಿ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ಒಪ್ಪಿತ ಜರ್ನಲ್‌ಗಳ ‘ಕೇರ್’ ಪಟ್ಟಿ ನೋಡಿ ನಿಶ್ಚಿಂತರಾಗುತ್ತಿದ್ದ ಕಾಲ ಮುಗಿಯಿತು. ಆ ಪಟ್ಟಿಯನ್ನು ಯುಜಿಸಿ 2025ರಲ್ಲಿ ನಿಲ್ಲಿಸಿದೆ. ಈಗ ಪರೀಕ್ಷಿಸಿ ನೋಡುವ ಹೊಣೆ ಲೇಖಕರದು ಮತ್ತು ಅವರ ಸಂಸ್ಥೆಯದು. ಒಂದು ಮಾತು ಮಾತ್ರ ನೆನಪಿರಲಿ: ಹಣ ಕೇಳಿದ ಮಾತ್ರಕ್ಕೆ ಜರ್ನಲ್ ಮೋಸದ್ದಲ್ಲ. ಎಲ್ಲರೂ ಉಚಿತವಾಗಿ ಓದುವಂತೆ ಪ್ರಕಟಿಸುವ ಒಳ್ಳೆಯ ಜರ್ನಲ್‌ಗಳಲ್ಲಿ ಎಷ್ಟೋ ಲೇಖಕರಿಂದ ಶುಲ್ಕ ಪಡೆಯುತ್ತವೆ, ಕೆಲವು ಕಡೆ ಅದು ಲಕ್ಷ ರೂಪಾಯಿ ದಾಟುತ್ತದೆ. ಎಷ್ಟು, ಯಾವಾಗ ಕಟ್ಟಬೇಕು ಎಂಬುದನ್ನು ಕಳಿಸುವ ಮೊದಲೇ ತಿಳಿದುಕೊಳ್ಳಿ.

ಜರ್ನಲ್ ಗೊತ್ತಾಯಿತು. ಇನ್ನು ಬರವಣಿಗೆ. ಓದುವವರು ಶೀರ್ಷಿಕೆಯಿಂದ ಓದುತ್ತಾರೆ, ಆದರೆ ಬರೆಯುವವರು ಅಲ್ಲಿಂದ ಶುರುಮಾಡಬಾರದು. ಮೊದಲು ಚಿತ್ರಗಳು, ಕೋಷ್ಟಕಗಳು ಸಿದ್ಧವಾಗಲಿ. ನಾಲ್ಕೈದು ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಬಾಯಿಮಾತಿನಲ್ಲಿ ಒಬ್ಬರಿಗೆ ವಿವರಿಸಿ ನೋಡಿ. ಯಾವ ಚಿತ್ರದ ಬಗ್ಗೆ ಹೇಳಲು ಏನೂ ಇಲ್ಲವೋ ಅದು ಬೇಡ. ಆಮೇಲೆ ಫಲಿತಾಂಶ, ವಿಧಾನ, ಚರ್ಚೆ, ಪೀಠಿಕೆ ಈ ಕ್ರಮದಲ್ಲಿ ಬರೆಯಿರಿ. ಸಾರಾಂಶ, ಶೀರ್ಷಿಕೆ ಕಟ್ಟಕಡೆಗೆ.

ವಿಧಾನದ ಭಾಗಕ್ಕೆ ಅಳತೆಗೋಲು ಒಂದೇ: ಇದನ್ನು ಓದಿ ಇನ್ನೊಬ್ಬರು ಅದೇ ಕೆಲಸ ಮಾಡಬಲ್ಲರೇ? ‘ರಂಜಕವನ್ನು ಪ್ರಮಾಣಿತ ವಿಧಾನದಿಂದ ಅಳೆಯಲಾಯಿತು’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಒಟ್ಟು ರಂಜಕವೋ, ಕರಗಿದ ರಂಜಕವೋ? ನೀರನ್ನು 0.45 ಮೈಕ್ರೋಮೀಟರ್ ಫಿಲ್ಟರಿನಲ್ಲಿ ಸೋಸಿದಿರಾ? ಆಸ್ಕಾರ್ಬಿಕ್ ಆಮ್ಲದ ವಿಧಾನವಾದರೆ ನೀಲಿ ಬಣ್ಣವನ್ನು 880 ನ್ಯಾನೋಮೀಟರಿನಲ್ಲಿ ಓದಿದಿರಾ? ಬಾಟಲಿಯನ್ನು ಆಮ್ಲದಲ್ಲಿ ತೊಳೆದಿರಾ, ಇಲ್ಲ ರಂಜಕವೇ ಇರುವ ಸೋಪಿನ ಪುಡಿಯಲ್ಲೋ? ಹೋಲಿಕೆಗೆ ಬರಿ ನೀರಿನ ಬ್ಲ್ಯಾಂಕ್ ಇಟ್ಟಿದ್ದಿರಾ? ನಿಮ್ಮ ಉಪಕರಣ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ ಎಷ್ಟು? ವಿಷಯ ಬಲ್ಲ ರಿವ್ಯೂವರ್ ಹುಡುಕುವುದು ಇದನ್ನೇ.

ಸಂಖ್ಯೆಗಳಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ. 12 ತಿಂಗಳು, 3 ಜಾಗ ಎಂದರೆ 36 ಮಾದರಿ. ಪ್ರತಿ ಮಾದರಿಯನ್ನೂ ಲ್ಯಾಬಿನಲ್ಲಿ 3 ಸಲ ಓದಿದರೆ 108 ಓದುಗಳು. ಈ 108ನ್ನೇ ಮಾದರಿಗಳ ಸಂಖ್ಯೆ ಎಂದು ಹಿಡಿದು ಸಂಖ್ಯಾಶಾಸ್ತ್ರದ ಪರೀಕ್ಷೆ ಮಾಡಿದರೆ, ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುತ್ತದೆ. ಒಂದೇ ಬಾಟಲಿಯ ನೀರನ್ನು ಮೂರು ಸಲ ಅಳೆದರೆ ನಿಮ್ಮ ಕೈಚಳಕ ಎಷ್ಟು ಸ್ಥಿರ ಎಂದು ಗೊತ್ತಾಗುತ್ತದೆ, ಕೆರೆಯ ಬಗ್ಗೆ ಹೊಸದೇನೂ ಗೊತ್ತಾಗುವುದಿಲ್ಲ. ಮೂರು ಓದುಗಳ ಸರಾಸರಿ ತೆಗೆದು 36ರಿಂದಲೇ ಲೆಕ್ಕ ಶುರುಮಾಡಬೇಕು. ಒಂದೇ ಜಾಗದ ತಿಂಗಳು ತಿಂಗಳಿನ ಅಳತೆಗಳಿಗೂ ನಂಟಿರುತ್ತದೆ. ಅದಕ್ಕೆ ಹೊಂದುವ ಪರೀಕ್ಷೆ ಯಾವುದೆಂದು ಸಂಖ್ಯಾಶಾಸ್ತ್ರ ಬಲ್ಲವರನ್ನು ಕೇಳಿ. ಎರಡನೆಯದು, ಸರಾಸರಿಯ ಪಕ್ಕದ ಪ್ಲಸ್-ಮೈನಸ್ ಸಂಖ್ಯೆ ಸ್ಟ್ಯಾಂಡರ್ಡ್ ಡೀವಿಯೇಷನ್ನೋ, ಸ್ಟ್ಯಾಂಡರ್ಡ್ ಎರರೋ ಎಂದು ಬರೆಯದೇ ಬಿಡುವುದು. ಎರಡಕ್ಕೂ ಅಜಗಜಾಂತರ. ಮೊದಲನೆಯದು ಅಳತೆಗಳು ಎಷ್ಟು ಚದುರಿವೆ ಎನ್ನುತ್ತದೆ, ಎರಡನೆಯದು ಸರಾಸರಿಯನ್ನು ಎಷ್ಟು ನಂಬಬಹುದು ಎನ್ನುತ್ತದೆ. ಮಾದರಿ 36 ಆದರೆ ಮೊದಲನೆಯದು ಎರಡನೆಯದರ ಆರು ಪಟ್ಟು.

ಚಿತ್ರಗಳ ಗುಣಮಟ್ಟಕ್ಕೆ ಒಂದು ಸಣ್ಣ ಲೆಕ್ಕ. ಜರ್ನಲ್ ಪುಟದ ಒಂದು ಅಂಕಣದ ಅಗಲ ಸುಮಾರು 8.5 ಸೆಂಟಿಮೀಟರ್. ಫೋಟೋಗೆ ಇಂಚಿಗೆ ಕನಿಷ್ಠ 300 ಚುಕ್ಕೆ (ಡಿಪಿಐ) ಕೇಳುತ್ತಾರೆ, ಅಂದರೆ ಅಗಲದಲ್ಲಿ ಸುಮಾರು 1000 ಪಿಕ್ಸೆಲ್. ಗೆರೆಚಿತ್ರಕ್ಕೆ 600, ಕೆಲವೆಡೆ 1200 ಡಿಪಿಐ. ಕಂಪ್ಯೂಟರಿನ ಪರದೆಯಿಂದ ಸ್ಕ್ರೀನ್‌ಶಾಟ್ ತೆಗೆದ ಚಿತ್ರ ಈ ಲೆಕ್ಕಕ್ಕೆ ನಿಲ್ಲುವುದು ಅಪರೂಪ. ಗ್ರಾಫನ್ನು ನಿಜವಾದ ಅಳತೆಗೆ ಕುಗ್ಗಿಸಿ ಮುದ್ರಿಸಿ ನೋಡಿ. ಅಕ್ಷರ ಓದಲು ಕನ್ನಡಕ ಹಣೆಗೇರಿಸಬೇಕಾದರೆ ದೊಡ್ಡದು ಮಾಡಿ. ಕೆಂಪು ಹಸಿರು ಗೆರೆಗಳನ್ನು ಬಣ್ಣದಿಂದಷ್ಟೇ ಬೇರ್ಪಡಿಸಬೇಡಿ, ಆ ಬಣ್ಣಗಳ ಭೇದ ಕಾಣದವರು ರಿವ್ಯೂವರ್‌ಗಳಲ್ಲೂ ಇರುತ್ತಾರೆ.

ಸಾರಾಂಶಕ್ಕೆ ಹೆಚ್ಚಾಗಿ 150ರಿಂದ 250 ಪದಗಳ ಮಿತಿ. ಅದರಲ್ಲಿ ನಿಮ್ಮ ಮುಖ್ಯ ಸಂಖ್ಯೆ ಇರಲೇಬೇಕು. ‘ಫಲಿತಾಂಶಗಳನ್ನು ಚರ್ಚಿಸಲಾಗಿದೆ’ ಎಂಬ ವಾಕ್ಯ ಕಂಡರೆ ಅಳಿಸಿಬಿಡಿ. ಶೀರ್ಷಿಕೆಯಲ್ಲಿ ‘ಒಂದು ಅಧ್ಯಯನ’ ಎಂಬ ಬಾಲವೂ ಬೇಡ.

ಉಲ್ಲೇಖಗಳನ್ನು ಕೈಯಲ್ಲಿ ಟೈಪ್ ಮಾಡುವ ಬದಲು ಜೊಟೆರೊದಂಥ ಉಚಿತ ತಂತ್ರಾಂಶ ಬಳಸಿ. ಜರ್ನಲ್ ಬದಲಾದಾಗ ಶೈಲಿ ಬದಲಿಸುವ ಕೆಲಸ ಅದರದು. ಎಐ ಚಾಟ್‌ಗಳು ಕೊಡುವ ಉಲ್ಲೇಖಗಳಲ್ಲಿ ಇಲ್ಲದ ಲೇಖನಗಳೂ ಇರುತ್ತವೆ, ಹೆಸರು ವರ್ಷ ಎಲ್ಲ ನಂಬುವ ಹಾಗೇ ಇರುತ್ತದೆ. ಒಂದೊಂದನ್ನೂ ತೆರೆದು ನೋಡದೆ ಸೇರಿಸಬೇಡಿ. ಇನ್ನು ಕೃತಿಚೌರ್ಯದ ತಪಾಸಣೆ. ಯುಜಿಸಿಯ 2018ರ ನಿಯಮದಲ್ಲಿ 10 ಶೇಕಡಾದವರೆಗಿನ ಹೋಲಿಕೆಗೆ ದಂಡವಿಲ್ಲ. ಅದನ್ನೇ ಪರವಾನಗಿ ಎಂದು ತಿಳಿಯುವುದು ತಪ್ಪು. ಒಟ್ಟು 8 ಶೇಕಡಾ ಹೋಲಿಕೆ ಒಂದೇ ಪ್ಯಾರಾದಲ್ಲಿ ಕೂಡಿಕೊಂಡಿದ್ದರೆ ಅದು ಕದ್ದ ಪ್ಯಾರಾನೇ. ನಿಮ್ಮ ಪ್ರಬಂಧ ಆಗಲೇ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿದ್ದರೆ ತಂತ್ರಾಂಶ ಅದನ್ನೇ ಹಿಡಿದು ಗಾಬರಿ ಹುಟ್ಟಿಸುತ್ತದೆ. ಲೇಖನ ಪ್ರಬಂಧದಿಂದ ಬಂದದ್ದು ಎಂದು, ಜೊತೆಗೆ ಸಂಪಾದಕರಿಗೆ ಬರೆಯುವ ಕವರ್ ಲೆಟರಿನಲ್ಲಿ ಮೊದಲೇ ಹೇಳಿಬಿಡಿ.

ಯಾರ ಹೆಸರು ಹಾಕಬೇಕು? ನಮ್ಮಲ್ಲಿ ಇದು ಲಗ್ನಪತ್ರಿಕೆಯ ‘ಸುಖಾಗಮನ ಬಯಸುವವರು’ ಪಟ್ಟಿಯಂತೆ ಬೆಳೆಯುತ್ತದೆ, ಯಾರನ್ನು ಬಿಟ್ಟರೂ ಮುನಿಸು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮ ಸ್ಪಷ್ಟವಾಗಿದೆ: ಕೆಲಸದಲ್ಲಿ ಗಣನೀಯ ಪಾಲಿರಬೇಕು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ಮುಂದೆ ಪ್ರಶ್ನೆ ಬಂದರೆ ಉತ್ತರಿಸಲು ಸಿದ್ಧರಿರಬೇಕು. ನಾಲ್ಕೂ ಬೇಕು. ವಿಭಾಗದ ಮುಖ್ಯಸ್ಥರು ಲ್ಯಾಬಿನ ಬೀಗದ ಕೈ ಕೊಟ್ಟಿದ್ದರೆ ಅವರಿಗೆ ಕೃತಜ್ಞತೆಯ ಸಾಲು ಸಾಕು. ಹೆಸರುಗಳ ಕ್ರಮವನ್ನು ಬರೆಯಲು ಕೂರುವ ಮೊದಲೇ ಮಾತಾಡಿಕೊಳ್ಳಿ.

ನಮ್ಮ ಹೆಸರುಗಳದೇ ಒಂದು ತಾಪತ್ರಯ. ಎಚ್.ಎಸ್. ಮಂಜುಳ ಎಂದರೆ ಎಚ್ ಊರು, ಎಸ್ ತಂದೆ. ಸಲ್ಲಿಕೆಯ ತಾಣ ಮನೆತನದ ಹೆಸರು ಕೇಳುತ್ತದೆ, ಖಾಲಿ ಬಿಡಲು ಬಿಡುವುದಿಲ್ಲ. ಒಮ್ಮೆ ಎಚ್.ಎಸ್. ಎಂದು ತುಂಬಿ, ಇನ್ನೊಮ್ಮೆ ಮಂಜುಳ ಎಂದು ತುಂಬಿದರೆ ದಾಖಲೆಗಳಲ್ಲಿ ಇಬ್ಬರು ವ್ಯಕ್ತಿಗಳಾಗುತ್ತಾರೆ. ಒಂದು ರೂಪ ಆರಿಸಿಕೊಂಡು ಕೊನೆಯತನಕ ಅದನ್ನೇ ಬಳಸಿ. ಸಂಶೋಧಕರನ್ನು ಗುರುತಿಸುವ 16 ಅಂಕಿಯ ಓರ್ಕಿಡ್ ಸಂಖ್ಯೆ ಉಚಿತ, ಅದನ್ನು ಮೊದಲೇ ಮಾಡಿಸಿಕೊಳ್ಳಿ.

ಸಲ್ಲಿಸುವ ದಿನ ಕಡತಗಳು ಬೇರೆಬೇರೆ ಇರಲಿ: ಕವರ್ ಲೆಟರ್, ಹೆಸರು ವಿಳಾಸಗಳ ಪುಟ, ಸಾಲುಸಂಖ್ಯೆ ಹಾಕಿದ ಮುಖ್ಯ ಲೇಖನ, ಚಿತ್ರಗಳು. ಲೇಖಕರ ಹೆಸರನ್ನು ಮರೆಮಾಚಿ ಓದಿಸುವ ಜರ್ನಲ್ ಆದರೆ ಕಡತದ ಪ್ರಾಪರ್ಟೀಸ್‌ನಲ್ಲಿ ಅಡಗಿರುವ ಹೆಸರನ್ನೂ ತೆಗೆಯಬೇಕು. ಎಲ್ಲ ಏರಿಸಿದ ಮೇಲೆ ತಾಣವೇ ಒಂದು ಪಿಡಿಎಫ್ ಕಟ್ಟಿಕೊಡುತ್ತದೆ. ಬಹಳ ಮಂದಿ ಅದನ್ನು ತೆರೆಯದೆ ಒಪ್ಪಿಗೆ ಒತ್ತುತ್ತಾರೆ. ಫಾಂಟ್ ಬದಲಾದಾಗ ಮೈಕ್ರೋ ಚಿಹ್ನೆ ಇಂಗ್ಲಿಷಿನ ಎಮ್ ಅಕ್ಷರವಾಗಿಬಿಡುತ್ತದೆ. 5 ಮೈಕ್ರೋಗ್ರಾಂ ಇದ್ದದ್ದು 5 ಮಿಲಿಗ್ರಾಂ, ಸಾವಿರ ಪಟ್ಟು. ಕನ್ನಡದಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಕಡತ ಇನ್ನೊಂದು ಕಂಪ್ಯೂಟರಿನಲ್ಲಿ ಚಿತ್ರವಿಚಿತ್ರ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಮತ್ತೆ, ಒಂದು ಲೇಖನ ಒಂದು ಸಲಕ್ಕೆ ಒಂದೇ ಜರ್ನಲ್‌ಗೆ. ಎರಡು ಕಡೆ ಕಳಿಸಿ ಸಿಕ್ಕಿಬಿದ್ದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಕಾಯುವುದರ ಬಗ್ಗೆ ಹೇಳಲು ಹೆಚ್ಚಿಲ್ಲ. ಮೂರು ತಿಂಗಳು ಸದ್ದಿಲ್ಲದಿದ್ದರೆ ಎರಡು ಸಾಲಿನ ವಿನಯದ ಪತ್ರ ಬರೆಯಬಹುದು.

ಉತ್ತರ ಬಂತು, ‘ದೊಡ್ಡ ತಿದ್ದುಪಡಿ ಬೇಕು’ ಎಂದಿದೆ. ಇದನ್ನು ಸೋಲೆಂದು ತಿಳಿದು ಕಡತ ಮುಚ್ಚಿಡುವವರಿದ್ದಾರೆ, ಅಯ್ಯೋ ಎನಿಸುತ್ತದೆ. ನೋಡಲೇ ಇಷ್ಟವಿಲ್ಲದಿದ್ದರೆ ಸಂಪಾದಕರು ಆಗಲೇ ಬೇಡವೆನ್ನುತ್ತಿದ್ದರು. ಪತ್ರವನ್ನು ಎರಡು ದಿನ ಪಕ್ಕಕ್ಕಿಡಿ, ಸಿಟ್ಟು ಇಳಿಯಲಿ. ಆಮೇಲೆ ಪ್ರತಿಯೊಂದು ಟೀಕೆಯನ್ನೂ ಇದ್ದ ಹಾಗೇ ನಕಲಿಸಿ, ಅದರ ಕೆಳಗೆ ನಿಮ್ಮ ಉತ್ತರ ಬರೆದು, ಎಷ್ಟನೇ ಪುಟದ ಎಷ್ಟನೇ ಸಾಲಿನಲ್ಲಿ ತಿದ್ದಿದ್ದೀರಿ ಎಂದು ತೋರಿಸಿ. ಒಂದನ್ನೂ ಬಿಡಬೇಡಿ. ರಿವ್ಯೂವರ್ ಒಂದು ಜಾಗ ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ‘ನೀವು ತಪ್ಪು ಓದಿದ್ದೀರಿ’ ಎನ್ನುವ ಬದಲು ಆ ವಾಕ್ಯವನ್ನೇ ತಿಳಿಯಾಗಿಸಿ. ವಿಷಯ ಬಲ್ಲವರಿಗೇ ಅರ್ಥವಾಗದಿದ್ದರೆ ಉಳಿದವರಿಗೆ ಹೇಗೆ ಆದೀತು? ಒಪ್ಪಲಾಗದ್ದನ್ನು ಒಪ್ಪಬೇಕಾಗಿಲ್ಲ, ಕಾರಣ ಮತ್ತು ಆಧಾರ ಕೊಡಿ. ಒಬ್ಬರು ಕತ್ತರಿಸಿ ಎಂದು, ಇನ್ನೊಬ್ಬರು ಬೆಳೆಸಿ ಎಂದರೆ ಸಂಪಾದಕರ ಪತ್ರ ಯಾವ ಕಡೆ ವಾಲಿದೆ ನೋಡಿ, ತಿಳಿಯದಿದ್ದರೆ ಅವರನ್ನೇ ಕೇಳಿ. ಗಡುವು ಸಾಲದಿದ್ದರೆ ಮುಗಿಯುವ ಮೊದಲೇ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ.

ತಿರಸ್ಕಾರವೇ ಬಂದರೂ ಟೀಕೆಗಳನ್ನು ಬಳಸಿ ತಿದ್ದಿ ಮುಂದಿನ ಜರ್ನಲ್‌ಗೆ ಕಳಿಸಿ. ತಿದ್ದದೆ ಕಳಿಸಿದರೆ ಅಲ್ಲೂ ಅದೇ ರಿವ್ಯೂವರ್ ಕೈಗೆ ಸಿಗಬಹುದು. ಒಂದೊಂದು ವಿಷಯಕ್ಕೆ ಬಲ್ಲವರು ಕೆಲವರೇ ಅಲ್ಲವೇ.

ಒಪ್ಪಿಗೆಯಾದ ಮೇಲೆ ಪ್ರೂಫ್, ಅಂದರೆ ಅಚ್ಚಿಗೆ ಜೋಡಿಸಿದ ಕರಡು ಬರುತ್ತದೆ, ಸಾಮಾನ್ಯವಾಗಿ 48 ಗಂಟೆ ಸಮಯ ಕೊಡುತ್ತಾರೆ. ಹೊಸ ವಾಕ್ಯ ಸೇರಿಸುವ ಹೊತ್ತಲ್ಲ ಇದು. ಇಬ್ಬರು ಕುಳಿತುಕೊಳ್ಳಿ. ಒಬ್ಬರು ಮೂಲ ಕೋಷ್ಟಕದ ಅಂಕಿಗಳನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪ್ರೂಫಿನಲ್ಲಿ ಬೆರಳಿಟ್ಟು ನೋಡಲಿ. ಹೆಸರಿನಲ್ಲಿ ಎಚ್ ಎಲ್ಲಿದೆ, ಎಸ್ ಎಲ್ಲಿದೆ ಎಂದು ನೋಡಿ. ಮೈಕ್ರೋ ಇನ್ನೂ ಮೈಕ್ರೋ ಆಗಿಯೇ ಉಳಿದಿದೆಯೇ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಕಳಿಸಿ.

ನಮಸ್ಕಾರ.