ಮದರ್‌ಬೋರ್ಡ್ ಕೊಳ್ಳುವ ಮುನ್ನ ಒಂದು ಸಾಲು ಓದಿ

ಕೇಳುಗರಿಗೆ ನಮಸ್ಕಾರ. ಕಡಿಮೆ ಖರ್ಚಿನಲ್ಲಿ ಮನೆಗೊಂದು ಕಂಪ್ಯೂಟರ್ ಜೋಡಿಸಿಕೊಳ್ಳೋಣ ಅಂತ ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಟಿದ್ದೀರಾ? ಅಂಗಡಿಗೆ ಹೋದವರೇ "ಒಳ್ಳೇ ಮದರ್‌ಬೋರ್ಡ್ (ಎಲ್ಲ ಬಿಡಿಭಾಗ ಕೂರಿಸುವ ಮುಖ್ಯ ಹಲಗೆ) ಯಾವುದಿದೆ?" ಎಂದು ದಯವಿಟ್ಟು ಕೇಳಬೇಡಿ. ಮೊದಲು ಪ್ರೊಸೆಸರ್, ಅಂದರೆ ಸಿಪಿಯು ಎಂಬ ಮುಖ್ಯ ಚಿಪ್, ಯಾವುದೆಂದು ನಿಶ್ಚಯಿಸಿ. ಆಮೇಲೆ ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ 'ಸಿಪಿಯು ಸಪೋರ್ಟ್' ಪಟ್ಟಿ ತೆರೆಯಿರಿ. ನಿಮ್ಮ ಪ್ರೊಸೆಸರ್ ಹೆಸರಿನ ಸಾಲಿನಲ್ಲೇ ಒಂದು ಬಯಾಸ್ ಆವೃತ್ತಿಯ ಸಂಖ್ಯೆ ಇರುತ್ತದೆ. ಬಯಾಸ್ ಅಂದರೆ ಸ್ವಿಚ್ ಒತ್ತಿದೊಡನೆ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್; ನಿಮ್ಮ ಪ್ರೊಸೆಸರ್ ನಡೆಯಲು ಕನಿಷ್ಠ ಆ ಆವೃತ್ತಿ ಬೇಕು. ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೊರಡಿ.

ಸಾಕೆಟ್, ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ, ಒಂದೇ ಆಗಿದ್ದರೆ ಸಾಕು ಅನ್ನುತ್ತಾರೆ. ಸಾಲದು. 2018ರ ಫೆಬ್ರವರಿಯಲ್ಲಿ ಏನಾಯಿತು ಕೇಳಿ. ಎಎಂಡಿ ಕಂಪನಿ ರೈಜೆನ್ 3 2200ಜಿ, ರೈಜೆನ್ 5 2400ಜಿ ಎಂಬ ಎರಡು ಪ್ರೊಸೆಸರ್ ಬಿಡುಗಡೆ ಮಾಡಿತು. ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಒಳಗೇ ಇತ್ತು, ಬೇರೆ ಕಾರ್ಡ್ ಬೇಕಿರಲಿಲ್ಲ. ಬಜೆಟ್ ಬಿಗಿಯಿದ್ದವರಿಗೆ ಹಬ್ಬವೇ ಆಯಿತು. ಅದರ ಜೊತೆಗೆ ಅಗ್ಗದ ಎ320, ಬಿ350 ಬೋರ್ಡ್ ಕೊಂಡರು. ಎಲ್ಲದರದ್ದೂ ಎಎಂ4 ಸಾಕೆಟ್ಟೇ, ಪ್ರೊಸೆಸರ್ ಸಲೀಸಾಗಿ ಕೂತಿತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಇಲ್ಲ. ಬೋರ್ಡ್‌ಗಳಲ್ಲಿ ಬಹಳಷ್ಟು 2017ರಲ್ಲಿ ತಯಾರಾದವು. ಅವುಗಳ ಬಯಾಸ್‌ಗೆ ಈ ಹೊಸ ಪ್ರೊಸೆಸರಿನ ಗುರುತೇ ಇರಲಿಲ್ಲ. ಬಯಾಸ್ ಅಪ್‌ಡೇಟ್ ಮಾಡೋಣವೆಂದರೆ ಮೊದಲು ಕಂಪ್ಯೂಟರ್ ಆನ್ ಆಗಬೇಕು. ಆನ್ ಆಗಲು ಹಳೆಯ ಪ್ರೊಸೆಸರ್ ಬೇಕು. ಕೊನೆಗೆ ಎಎಂಡಿಯೇ, ಹೀಗೆ ಸಿಕ್ಕಿಕೊಂಡವರಿಗೆ ಹಳೆಯದೊಂದು ಸಣ್ಣ ಪ್ರೊಸೆಸರನ್ನು ಎರವಲು ಕಳಿಸಿಕೊಡಬೇಕಾಯಿತು! ಅದನ್ನು ಕೂರಿಸಿ, ಬಯಾಸ್ ಅಪ್‌ಡೇಟ್ ಮಾಡಿ, ಬಿಚ್ಚಿ, ಕಂಪನಿಗೆ ವಾಪಸ್ ಕಳಿಸಬೇಕು. ಆ ಪಟ್ಟಿಯ ಒಂದೇ ಒಂದು ಸಾಲು ಓದಿದ್ದರೆ ಇಷ್ಟೆಲ್ಲ ಪಾಡು ತಪ್ಪುತ್ತಿತ್ತು.

ಇದು ಹಳೇ ಕಥೆ ಅಂದುಕೊಳ್ಳಬೇಡಿ. ಇಂಟೆಲ್‌ನ ಎಚ್610 ಬೋರ್ಡ್ 12ನೇ ತಲೆಮಾರಿನ ಪ್ರೊಸೆಸರುಗಳ ಕಾಲಕ್ಕೆ ಬಂದದ್ದು. 13, 14ನೇ ತಲೆಮಾರಿನವೂ ಅದೇ ಸಾಕೆಟ್‌ನಲ್ಲಿ ಕೂರುತ್ತವೆ. ಆದರೆ ಹಳೇ ಸ್ಟಾಕಿನ ಬೋರ್ಡ್ ಕೈಗೆ ಬಂದರೆ ಅದೇ ಕತ್ತಲೆ ಪರದೆ. ಬಿಲ್ ಮಾಡಿಸುವ ಮೊದಲೇ ಚೀಟಿ ತೋರಿಸಿ, "ಈ ಆವೃತ್ತಿಗೆ ಅಪ್‌ಡೇಟ್ ಮಾಡಿಕೊಡಿ" ಎನ್ನಿ. ಇಲ್ಲವೇ 'ಬಯಾಸ್ ಫ್ಲ್ಯಾಶ್‌ಬ್ಯಾಕ್' ಗುಂಡಿ ಇರುವ ಬೋರ್ಡ್ ಆರಿಸಿ. ಅದಕ್ಕೆ ಪ್ರೊಸೆಸರ್ ಬೇಡ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಕಂಪನಿ ಹೇಳಿದ ಹೆಸರಿನಲ್ಲೇ ಹೊಸ ಬಯಾಸ್‌ನ ಫೈಲ್ ಹಾಕಿ, ಗುರುತು ಮಾಡಿದ ಯುಎಸ್‌ಬಿ ಪೋರ್ಟ್‌ಗೆ ಚುಚ್ಚಿ ಗುಂಡಿ ಒತ್ತುವುದು. ನಡುವೆ ಕರೆಂಟ್ ಹೋದರೆ ಬಯಾಸ್ ಕೆಡಬಹುದು, ಯುಪಿಎಸ್ ಇರಲಿ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. ಎಚ್610 ಬೋರ್ಡ್ ಡಿಡಿಆರ್4, ಡಿಡಿಆರ್5 ಎಂಬ ಎರಡು ಬಗೆಯ ಮೆಮೊರಿಗೂ (ರ್‍ಯಾಮ್) ಬೇರೆ ಬೇರೆಯಾಗಿ ಸಿಗುತ್ತದೆ. ರ್‍ಯಾಮ್‌ನ ಕಚ್ಚು ಎರಡರಲ್ಲೂ ಬೇರೆ ಬೇರೆ ಜಾಗದಲ್ಲಿದೆ, ಒಂದರ ಜಾಗಕ್ಕೆ ಇನ್ನೊಂದನ್ನು ಒತ್ತಿ ಕೂರಿಸಲು ಹೋಗಬೇಡಿ. ಇಂಟೆಲ್ ಪ್ರೊಸೆಸರಿನ ಹೆಸರು 'ಎಫ್' ಎಂದು ಮುಗಿದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಬೋರ್ಡ್‌ನ ಎಚ್‌ಡಿಎಂಐಗೆ ತಂತಿ ಹಾಕಿ ಕಾದರೆ ಚಿತ್ರ ಬರದು. ಎಂ.2 ಡ್ರೈವ್ (ಬೋರ್ಡ್‌ಗೇ ಸಿಕ್ಕಿಸುವ ಚಪ್ಪಟೆ ಎಸ್‌ಎಸ್‌ಡಿ) ಕೊಳ್ಳುವಾಗ ಅದು ಕೂರುವ ಸ್ಲಾಟ್ ಎನ್‌ವಿಎಂಇ, ಸಾಟಾ ಎಂಬ ಎರಡು ಬಗೆಗಳಲ್ಲಿ ಯಾವುದಕ್ಕೆಂದು ನೋಡಿ.

ಇಂಟೆಲ್‌ನಲ್ಲಿ ಪಿನ್‌ಗಳಿರುವುದು ಬೋರ್ಡ್‌ನ ಸಾಕೆಟ್‌ನಲ್ಲಿ. ಅಂಗಡಿಯಲ್ಲೇ ಪ್ಲಾಸ್ಟಿಕ್ ಮುಚ್ಚಳ ತೆಗೆಸಿ, ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸಾಲುಗಳು ಒಂದೇ ಸಮ ಹೊಳೆಯಬೇಕು. ಬಾಗಿದ ಪಿನ್ ಇದ್ದರೆ ಆ ಜಾಗದಲ್ಲಿ ಹೊಳಪು ತಪ್ಪುತ್ತದೆ. ಅಂಥದ್ದನ್ನು ಅಲ್ಲೇ ಬದಲಿಸಿಕೊಳ್ಳಿ, ಮನೆಗೆ ತಂದ ಮೇಲೆ ಬಾಗಿದ ಪಿನ್‌ಗೆ ವಾರಂಟಿ ಸಿಗುವುದು ಕಷ್ಟ. ಆ ಮುಚ್ಚಳವನ್ನೂ ಎಸೆಯಬೇಡಿ, ಬೋರ್ಡ್ ರಿಪೇರಿಗೆ ಕಳಿಸುವಾಗ ಬೇಕಾಗುತ್ತದೆ. ನಮಸ್ಕಾರ.